ಮುಖಕ್ಕೆ ಯಾವ ಎಣ್ಣೆ? ಉತ್ತರ ನಮ್ಮ ಹೊಲದಲ್ಲೇ ಇತ್ತು

ಹೋದ ತಿಂಗಳು ಬೈಲಹೊಂಗಲದ ಬಜಾರದಲ್ಲಿ ಒಂದು ಫ್ಯಾನ್ಸಿ ಸ್ಟೋರಿನ ಮುಂದೆ ನಿಂತಿದ್ದೆ. ಕಾಲೇಜು ಮುಗಿಸಿ ಬಂದ ಇಬ್ಬರು ಹುಡುಗಿಯರು ಮೊಬೈಲಿನಲ್ಲಿ ಯಾವುದೋ ರೀಲ್ ತೋರಿಸಿ, "ಇದ ಫೇಸ್ ಆಯಿಲ್ ಐತೇನ್ರಿ ಅಣ್ಣಾರ?" ಅಂತ ಕೇಳ್ತಿದ್ದರು. ಅಂಗಡಿಯವರು ಒಂದು ಪುಟ್ಟ ಬಾಟಲಿ ತೆಗೆದಿಟ್ಟರು. 30 ಎಂಎಲ್. ಬೆಲೆ ಐನೂರರ ಮೇಲೆ. ಒಬ್ಬಳು ಬೆಲೆ ನೋಡಿ ಕೈ ಹಿಂದಕ್ಕೆ ತೆಗೆದಳು. ಇನ್ನೊಬ್ಬಳು ಬಾಟಲಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಲು ಶುರುಮಾಡಿದಳು. ಮೊದಲ ಹೆಸರೇ ನಾಲಿಗೆ ತಿರುಗದಂಥದ್ದು: ಕಾರ್ತಮಸ್ ಟಿಂಕ್ಟೋರಿಯಸ್ ಸೀಡ್ ಆಯಿಲ್. ಪಕ್ಕದಲ್ಲಿದ್ದ ನನ್ನನ್ನೇ ಕೇಳಿದಳು, "ಇದು ಯಾವ ದೇಶದ ಗಿಡ ಇರಬೇಕ್ರಿ?"

ಕುಸುಬಿ, ಅಂದೆ. ಇಬ್ಬರೂ ನಕ್ಕರು. ನಾನು ಚಾಷ್ಟಿ ಮಾಡ್ತಿದೀನಿ ಅಂದುಕೊಂಡರು. ಊರು ಯಾವುದು ಅಂತ ಕೇಳಿದರೆ ಸವದತ್ತಿ ತಾಲೂಕಿನ ಒಂದು ಹಳ್ಳಿ. ಕಪ್ಪು ಎರಿ ಭೂಮಿ, ಹಿಂಗಾರಿ ಜೋಳ, ಕಡಲೆಯ ಸೀಮೆ. "ನಿಮ್ಮ ಹೊಲದಾಗ ಕುಸುಬಿ ಹಾಕ್ತಿದ್ರಿಲ್ಲೋ?" ಅಂದೆ. "ಮುತ್ಯಾ ಹಾಕ್ತಿದ್ದನಂತ್ರಿ. ಈಗ ಯಾರೂ ಬಿತ್ತೂದಿಲ್ಲ" ಅಂದಳು.

ಆ ಬಾಟಲಿ ಮತ್ತು ಆ ಮುತ್ಯಾನ ಹೊಲದ ನಡುವೆ ಏನಾಯ್ತು ಅನ್ನೋದೇ ಈ ಬರಹ. ನಡುವೆ ಯಾವ ಚರ್ಮಕ್ಕೆ ಯಾವ ಎಣ್ಣೆ ಅನ್ನೋದನ್ನೂ ಹೇಳ್ತೀನಿ. ಯಾಕಂದ್ರೆ ಆ ಪ್ರಶ್ನೆ ಹಗುರವಾದದ್ದಲ್ಲ. ಹದಿನೆಂಟರ ವಯಸ್ಸಿನಲ್ಲಿ ಮುಖದ ತುಂಬ ಮೊಡವೆ ಇಟ್ಟುಕೊಂಡು ಕ್ಲಾಸಿಗೆ ಹೋಗುವ ಸಂಕಟ ಗೊತ್ತಿದ್ದವರಿಗೆ ಅದು ಗೊತ್ತು. ಆ ಸಂಕಟವನ್ನೇ ನಂಬಿ ಒಂದು ದೊಡ್ಡ ಮಾರುಕಟ್ಟೆ ನಿಂತಿದೆ.

ಲ್ಯಾಟಿನ್ ಬುರ್ಖಾ ತೆಗೆದು ನೋಡಿ

ಸೌಂದರ್ಯವರ್ಧಕಗಳ ಚೀಟಿಯ ಮೇಲೆ ಗಿಡದ ವೈಜ್ಞಾನಿಕ ಹೆಸರು ಬರೆಯುವುದು ಜಗತ್ತಿನ ರೂಢಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಹೆಸರುಗಳು ನಮ್ಮದೇ ವಸ್ತುವನ್ನು ನಮಗೇ ಅಪರಿಚಿತ ಮಾಡಿಬಿಡುತ್ತವೆ. ಮುಂದಿನ ಸಲ ಬಾಟಲಿ ಕೈಗೆ ಸಿಕ್ಕಾಗ ಈ ಪಟ್ಟಿ ನೆನಪಿರಲಿ. ಕಾರ್ತಮಸ್ ಟಿಂಕ್ಟೋರಿಯಸ್ ಅಂದ್ರೆ ಕುಸುಬಿ. ಹೆಲಿಯಾಂಥಸ್ ಆನ್ಯುಯಸ್ ಅಂದ್ರೆ ಸೂರ್ಯಕಾಂತಿ. ಸೆಸಮಮ್ ಇಂಡಿಕಮ್ ಅಂದ್ರೆ ಎಳ್ಳು. ಅರಾಕಿಸ್ ಹೈಪೋಜಿಯಾ ಅಂದ್ರೆ ಶೇಂಗಾ. ರಿಸಿನಸ್ ಕಮ್ಯೂನಿಸ್ ಅಂದ್ರೆ ಔಡಲ. ಲೈನಮ್ ಯುಸಿಟಾಟಿಸಿಮಮ್ ಅಂದ್ರೆ ಅಗಸಿ. ಕೋಕೋಸ್ ನ್ಯೂಸಿಫೆರಾ ಅಂದ್ರೆ ತೆಂಗು. ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ರೈತರಿಗೆ ಮನೆಯ ಹೆಸರುಗಳು.

ಇನ್ನೊಂದು ತಮಾಷೆ ಹೇಳ್ತೀನಿ. ಮೊರಾಕ್ಕೊ ದೇಶದ ಅರ್ಗಾನ್ ಎಣ್ಣೆಗೆ ಈಗ ಭಾರೀ ಬೇಡಿಕೆ. ಅದರ ಕೊಬ್ಬಿನಾಮ್ಲಗಳ ಲೆಕ್ಕ ತೆಗೆದರೆ ಓಲಿಯಿಕ್ ಶೇ. 45ರ ಆಸುಪಾಸು, ಲಿನೋಲಿಯಿಕ್ ಶೇ. 33ರ ಆಸುಪಾಸು. ನಮ್ಮ ಶೇಂಗಾ ಎಣ್ಣೆಯ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ವಿಟಮಿನ್ ಇ ಮತ್ತಿತರ ಸಣ್ಣ ಅಂಶಗಳಲ್ಲಿ ವ್ಯತ್ಯಾಸ ಉಂಟು, ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಆದರೆ ಬೆಲೆಯಲ್ಲಿರುವ ಅಂತರ ಆ ಸಣ್ಣ ಅಂಶಗಳಿಂದ ಹುಟ್ಟಿದ್ದಲ್ಲ.

ಚರ್ಮಕ್ಕೆ ಬೇಕಾದ್ದು ಯಾವ ಕೊಬ್ಬು

ಎಣ್ಣೆಯನ್ನು ಹೆಸರಿನಿಂದ ಆರಿಸಬೇಡಿ, ಒಳಗಿನ ಕೊಬ್ಬಿನಾಮ್ಲದಿಂದ ಆರಿಸಿ. ವಿಷಯ ಇಷ್ಟೇ. ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆ ಅಂದುಕೊಳ್ಳಿ. ಇಟ್ಟಿಗೆಗಳ ನಡುವಿನ ಗಾರೆಯಲ್ಲಿ ಸೆರಮೈಡ್ ಅನ್ನುವ ಕೊಬ್ಬುಗಳಿವೆ. ಅವುಗಳಲ್ಲಿ ಮುಖ್ಯವಾದ ಒಂದನ್ನು ಕಟ್ಟಲು ದೇಹಕ್ಕೆ ಲಿನೋಲಿಯಿಕ್ ಆಮ್ಲ ಬೇಕು. ಅದನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು. ಊಟದಿಂದ ಬರಬೇಕು, ಚರ್ಮಕ್ಕೆ ಹಚ್ಚಿದರೂ ಸ್ವಲ್ಪ ಮಟ್ಟಿಗೆ ಸಿಗುತ್ತದೆ. ಮೊಡವೆ ಇರುವವರ ಚರ್ಮದ ಜಿಡ್ಡಿನಲ್ಲಿ ಈ ಲಿನೋಲಿಯಿಕ್ ಕಡಿಮೆ ಇರುತ್ತದೆ ಅನ್ನೋದನ್ನು 1980ರ ದಶಕದಲ್ಲೇ ಸಂಶೋಧಕರು ಗುರುತಿಸಿದ್ದರು.

ಈಗ ಎಣ್ಣೆಗಳನ್ನು ಸಾಲಾಗಿ ನಿಲ್ಲಿಸಿ. ಸಾಂಪ್ರದಾಯಿಕ ತಳಿಯ ಕುಸುಬಿ ಎಣ್ಣೆಯಲ್ಲಿ ಲಿನೋಲಿಯಿಕ್ ಶೇ. 75ರ ಹತ್ತಿರ. ಸಾಮಾನ್ಯ ಸೂರ್ಯಕಾಂತಿಯಲ್ಲಿ ಶೇ. 60ರ ಆಸುಪಾಸು. ಎಳ್ಳೆಣ್ಣೆಯಲ್ಲಿ ಓಲಿಯಿಕ್, ಲಿನೋಲಿಯಿಕ್ ಎರಡೂ ಶೇ. 40ರ ಆಸುಪಾಸಿನಲ್ಲಿ ಸಮತೂಕ. ಆಲಿವ್ ಎಣ್ಣೆಯಲ್ಲಿ ಓಲಿಯಿಕ್ಕೇ ಶೇ. 70ರ ಸುತ್ತ. ತೆಂಗಿನೆಣ್ಣೆಯಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ, ಒಟ್ಟು ಶೇ. 90 ಸ್ಯಾಚುರೇಟೆಡ್ ಕೊಬ್ಬು. ಔಡಲೆಣ್ಣೆಯಲ್ಲಿ ಬೇರೆಲ್ಲೂ ಅಷ್ಟು ಸಿಗದ ರಿಸಿನೋಲಿಯಿಕ್ ಆಮ್ಲ ಶೇ. 85ಕ್ಕೂ ಹೆಚ್ಚು, ಅದಕ್ಕೇ ಅದು ಅಷ್ಟು ಮಂದ, ಅಷ್ಟು ಅಂಟು.

ಇವುಗಳಲ್ಲಿ ಓಲಿಯಿಕ್ ಜಾಸ್ತಿ ಇರುವ ಎಣ್ಣೆ ಗಾರೆಯನ್ನು ಸಡಿಲ ಮಾಡಬಲ್ಲದು. 2013ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ವಯಸ್ಕರ ಕೈಗೆ ಕೆಲವು ವಾರ ಆಲಿವ್ ಎಣ್ಣೆ, ಸೂರ್ಯಕಾಂತಿ ಎಣ್ಣೆ ಹಚ್ಚಿ ನೋಡಿದರು. ಆಲಿವ್ ಎಣ್ಣೆ ಚರ್ಮದ ತಡೆಗೋಡೆಯನ್ನು ದುರ್ಬಲ ಮಾಡಿತು, ಸ್ವಲ್ಪ ಕೆಂಪಗೂ ಆಯಿತು. ಸೂರ್ಯಕಾಂತಿ ಎಣ್ಣೆ ಹಾಗೆ ಮಾಡಲಿಲ್ಲ, ತೇವವನ್ನೂ ಹೆಚ್ಚಿಸಿತು. ಅದಕ್ಕಿಂತ ದೊಡ್ಡ ಸಾಕ್ಷ್ಯ ನಮ್ಮ ನೆರೆಯ ಢಾಕಾದಿಂದ ಬಂತು. ಅಲ್ಲಿನ ಶಿಶು ಆಸ್ಪತ್ರೆಯಲ್ಲಿ ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ, ಹಚ್ಚದ ಕೂಸುಗಳಿಗೆ ಹೋಲಿಸಿದರೆ ಆಸ್ಪತ್ರೆಯ ಸೋಂಕು ತಗಲುವ ಸಾಧ್ಯತೆ ಶೇ. 41 ಕಡಿಮೆ ಕಂಡಿತು. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಇದು. ಅಡುಗೆಮನೆಯ ಒಂದು ಅಗ್ಗದ ಎಣ್ಣೆ ಕೂಸಿನ ಜೀವದ ಪ್ರಶ್ನೆಯೂ ಆಗಬಲ್ಲದು ಅಂತ ಇದರಿಂದ ತಿಳಿಯಿತು.

ಯಾರಿಗೆ ಯಾವುದು

ನಮ್ಮ ನಾಲ್ಕು ತಾಲೂಕುಗಳು ಅಕ್ಕಪಕ್ಕದಲ್ಲಿದ್ದರೂ ಹವಾ ಒಂದೇ ಅಲ್ಲ. ಕಿತ್ತೂರಿಗೆ ಮಲೆನಾಡ ಸೆರಗಿನ ಮಳೆ ತಾಗುತ್ತದೆ. ಅಲ್ಲಿಂದ ಪೂರ್ವಕ್ಕೆ ಬೈಲಹೊಂಗಲ ದಾಟಿ ಸವದತ್ತಿ, ರಾಮದುರ್ಗದ ಕಡೆ ಹೋದಷ್ಟೂ ಗಾಳಿ ಒಣಗುತ್ತದೆ. ಮಾಗಿ ಚಳಿಯಲ್ಲಿ ರಾಮದುರ್ಗದ ಒಣಗಾಳಿಗೆ ತುಟಿ, ಮೊಣಕಾಲು ಬಿರಿಯುವುದು ಎಲ್ಲರಿಗೂ ಗೊತ್ತು. ಅದೇ ಮುಖ ಶ್ರಾವಣದಲ್ಲಿ ಕಿತ್ತೂರಿನಲ್ಲಿದ್ದರೆ ಜಿಡ್ಡು. ಹಾಗಾಗಿ ವರ್ಷಪೂರ್ತಿ ಒಂದೇ ಎಣ್ಣೆ ಅನ್ನೋ ಹಟ ಬೇಡ.

ಜಿಡ್ಡು ಮುಖ, ಮೊಡವೆ ಇದ್ದವರು: ಮೊದಲ ಪ್ರಶ್ನೆ, ಎಣ್ಣೆ ಬೇಕೇ ಬೇಕಾ? ಬಹಳ ಸಲ ಬೇಡ. ತೊಳೆದ ಮೇಲೆ ಮುಖ ಬಿಗಿದಂತಾಗುತ್ತಿದ್ದರೆ ಮಾತ್ರ ಕುಸುಬಿ ಅಥವಾ ಸೂರ್ಯಕಾಂತಿ, ಅದೂ ಎರಡು ಮೂರು ಹನಿ. ತೆಂಗಿನೆಣ್ಣೆ ಮುಖಕ್ಕೆ ಬೇಡ, ರಂಧ್ರ ಕಟ್ಟುವ ಗುಣ ಅದಕ್ಕಿದೆ. ತಲೆಗೆ ಹಚ್ಚಿದ ಎಣ್ಣೆ ಹಣೆಗಿಳಿದು ಅಲ್ಲೇ ಸಣ್ಣ ಗುಳ್ಳೆ ಏಳುವುದೂ ಉಂಟು. ಎರಡು ಜಡೆಗೆ ಎಣ್ಣೆ ತಟ್ಟಿಕೊಂಡು ಶಾಲೆಗೆ ಹೋಗುವ ಹುಡುಗಿಯರ ಹಣೆ ನೋಡಿ. ಮೊಡವೆ ಗುಣವಾಗಲು ಔಷಧ ಬೇಕು. ಎಣ್ಣೆ ಔಷಧ ಅಲ್ಲ.

ಒಣ ಚರ್ಮದವರು: ಎಳ್ಳೆಣ್ಣೆ, ಶೇಂಗಾ ಎಣ್ಣೆ, ಮೈಕೈಗೆ ತೆಂಗಿನೆಣ್ಣೆ. ಎಣ್ಣೆ ತಾನೇ ತೇವ ಕೊಡುವುದಿಲ್ಲ, ಇರುವ ತೇವವನ್ನು ಹಿಡಿದಿಡುತ್ತದೆ. ಅದಕ್ಕೇ ಒಣಮೈಗೆ ಹಚ್ಚುವುದಕ್ಕಿಂತ ಜಳಕ ಮುಗಿದು ಮೈ ಇನ್ನೂ ಹಸಿ ಇರುವಾಗ ತೆಳ್ಳಗೆ ಹಚ್ಚಿ. ಎರೆಯುವ ಮುಂಚೆ ಹಚ್ಚಿ ಕಡಲೆಹಿಟ್ಟು ಹಾಕಿ ತಿಕ್ಕಿ ತೆಗೆಯುವ ನಮ್ಮ ಪದ್ಧತಿಯಲ್ಲಿ ಸುಖವೇನೋ ಉಂಟು, ಆದರೆ ಹಚ್ಚಿದ್ದರಲ್ಲಿ ಅರ್ಧ ಬಚ್ಚಲಿಗೇ ಹೋಗುತ್ತದೆ. ಶೇಂಗಾ ತಿಂದರೆ ಅಲರ್ಜಿ ಆಗುವವರು ಗಾಣದ ಶೇಂಗಾ ಎಣ್ಣೆ ಮುಟ್ಟಬಾರದು.

ಸೂಕ್ಷ್ಮ ಚರ್ಮ, ಇಸಬು ಇರುವವರು, ಕೂಸುಗಳು: ಸೂರ್ಯಕಾಂತಿ, ಕುಸುಬಿ. ಸುವಾಸನೆ ಬೆರೆಸಿದ್ದು ಯಾವುದೂ ಬೇಡ. ಲ್ಯಾವೆಂಡರ್, ನಿಂಬೆ, ಪುದೀನ ಅಂತ ಬಾಟಲಿಯ ಮೇಲಿದ್ದರೆ ಆ ಸುಗಂಧ ತೈಲಗಳೇ ತುರಿಕೆಗೆ ಕಾರಣವಾಗಬಹುದು. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಕೂಸಿಗೆ ಬೇಡ. ಬೇವಿನೆಣ್ಣೆ ಕೂಸಿನ ಬಾಯಿಗಂತೂ ಒಂದು ಹನಿಯೂ ಹೋಗಬಾರದು, ಅದು ವಿಷವಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಅವಧಿಗೆ ಮುನ್ನ ಹುಟ್ಟಿದ ಕೂಸಿಗೆ ವೈದ್ಯರನ್ನು ಕೇಳದೆ ಏನೂ ಹಚ್ಚಬೇಡಿ.

ತಲೆ ಹೊಟ್ಟು, ಸಿಬ್ಬು ಇರುವವರು: ಎಣ್ಣೆ ನಿಲ್ಲಿಸಿ. ಇವೆರಡರ ಹಿಂದೆ ಮಲಸೀಜಿಯಾ ಅನ್ನುವ ಶಿಲೀಂಧ್ರ ಇದೆ, ಕೊಬ್ಬಿನಾಮ್ಲವೇ ಅದರ ಆಹಾರ. ಹೊಟ್ಟಾಯ್ತು ಅಂತ ಇನ್ನಷ್ಟು ಎಣ್ಣೆ ತಟ್ಟುವುದು ಅದಕ್ಕೆ ಊಟ ಬಡಿಸಿದಂತೆ.

ಒಡೆದ ಹಿಮ್ಮಡಿಯವರು, ಅಂದ್ರೆ ಕಳೆ ತೆಗೆಯುವ, ಕಬ್ಬು ಕಡಿಯುವ ನಮ್ಮ ಅವ್ವಂದಿರು: ಔಡಲೆಣ್ಣೆ, ತೆಂಗಿನೆಣ್ಣೆ ನಡೆಯುತ್ತದೆ. ಆದರೆ ಇಲ್ಲಿ ಎಲ್ಲಕ್ಕಿಂತ ಅಗ್ಗದ, ಒಳ್ಳೆಯ ವಸ್ತು ಪೆಟ್ರೋಲಿಯಂ ಜೆಲ್ಲಿ. ಅದು ಗಿಡದ್ದಲ್ಲ, 'ಕೆಮಿಕಲ್'. ಆದರೂ ಅಲರ್ಜಿ ಅಪರೂಪ, ತೇವ ಹಿಡಿಯುವುದರಲ್ಲಿ ಯಾವ ಎಣ್ಣೆಯೂ ಅದಕ್ಕೆ ಸಾಟಿಯಿಲ್ಲ. ಸಕ್ಕರೆ ಕಾಯಿಲೆ ಇರುವವರ ಕಾಲಿನ ಬಿರುಕು ಬೇರೆ ವಿಷಯ, ಅದನ್ನು ವೈದ್ಯರೇ ನೋಡಬೇಕು.

ಅಗಸಿ ಎಣ್ಣೆ ಮುಖಕ್ಕೆ ಬೇಡ. ಗಾಳಿಗೆ ಬೇಗ ಕೆಟ್ಟು ಗಟ್ಟಿಯಾಗುವ ಎಣ್ಣೆ ಅದು, ಬಣ್ಣಕ್ಕೆ ಬೆರೆಸುವುದೇ ಆ ಗುಣಕ್ಕಾಗಿ. ಅಗಸಿ ಹಿಂಡಿ ಮಾಡಿ ರೊಟ್ಟಿ ಜೋಡಿ ತಿನ್ನಿ. ಕುಸುಬಿಯೂ ಬೇಗ ಕಮಟು ಹಿಡಿಯುತ್ತದೆ. ಸಣ್ಣ ಪ್ರಮಾಣದಲ್ಲಿ ತಂದು ಬೆಳಕು ತಾಗದ ಬಾಟಲಿಯಲ್ಲಿಟ್ಟು ಎರಡು ಮೂರು ತಿಂಗಳಲ್ಲಿ ಮುಗಿಸಿ. ಯಾವುದನ್ನೇ ಆಗಲಿ ಮೊದಲು ಮೊಣಕೈ ಒಳಮೈಗೆ ಹಚ್ಚಿ ಎರಡು ದಿನ ನೋಡಿ. ಗಾಯ, ಸುಟ್ಟಗಾಯದ ಮೇಲೆ ಯಾವ ಎಣ್ಣೆಯೂ ಬೇಡ. ಗಾಣದ್ದೇ ಶ್ರೇಷ್ಠ, ರಿಫೈನ್ಡ್ ಅಂದ್ರೆ ವಿಷ ಅನ್ನೋ ವಾಟ್ಸಪ್ ಪಾಠವೂ ಬೇಡ. ಸೂಕ್ಷ್ಮ ಚರ್ಮದವರಿಗೆ ಪ್ರೋಟೀನು, ವಾಸನೆ ತೆಗೆದ ರಿಫೈನ್ಡ್ ಎಣ್ಣೆಯೇ ಕೆಲವೊಮ್ಮೆ ಒಳ್ಳೆಯದು.

ಎಣ್ಣೆಗೆ ಆಗದ ಕೆಲಸ

ಇಷ್ಟು ಹೇಳಿದ ಮೇಲೆ ಒಂದು ಕಹಿ ಮಾತು. ಯಾವ ಎಣ್ಣೆಯೂ ನಿಮ್ಮನ್ನು ಬೆಳ್ಳಗೆ ಮಾಡುವುದಿಲ್ಲ. ಬೆಳ್ಳಗಾಗಬೇಕಾದ ಅಗತ್ಯವೂ ಇಲ್ಲ. ಸೋಯಾಬೀನ್ ಹೊಲದಲ್ಲಿ ಇಡೀ ದಿನ ಬಗ್ಗಿ ದುಡಿದವರ ಮುಖದ ಬಂಗಿಗೆ ಬಿಸಿಲು ಮುಖ್ಯ ಕಾರಣ, ಬಿಸಿಲನ್ನು ಎಣ್ಣೆ ತಡೆಯುವುದಿಲ್ಲ. ಸೆರಗು, ಟೊಪ್ಪಿಗೆ, ಸನ್‌ಸ್ಕ್ರೀನ್ ತಡೆಯುತ್ತವೆ.

ಆದರೆ ಬೆಳ್ಳಗಾಗುವ ಆಸೆಗೆ ನಮ್ಮೂರುಗಳಲ್ಲಿ ಎರಡು ಬಾಗಿಲು ತೆರೆದಿವೆ. ಒಂದು ಮೆಡಿಕಲ್ ಅಂಗಡಿಯ ಸ್ಟೀರಾಯ್ಡ್ ಮುಲಾಮು. ಹಚ್ಚಿದ ವಾರದಲ್ಲೇ ಮುಖ ಹೊಳೆಯುತ್ತದೆ, ತಿಂಗಳುಗಳಾದ ಮೇಲೆ ಚರ್ಮ ತೆಳ್ಳಗಾಗಿ, ರಕ್ತನಾಳ ಕಾಣಿಸಿ, ಬಿಟ್ಟರೆ ಉರಿ, ಹಚ್ಚಿದರೆ ಮೊಡವೆ ಅನ್ನುವ ಸ್ಥಿತಿ ಬರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಇಂಥ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ಚೀಟಿ ಕೇಳುವ ಅಂಗಡಿ ಎಷ್ಟಿವೆ ಅನ್ನೋದು ನಿಮಗೇ ಗೊತ್ತು. ಇನ್ನೊಂದು ಬಾಗಿಲು ಜಾತ್ರೆಯದ್ದು. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದರೆ ಬಳೆ, ಕುಂಕುಮ, ಭಂಡಾರದ ಸಾಲಿನಲ್ಲೇ ಹಸಿರು ಬಣ್ಣದ 'ಗಿಡಮೂಲಿಕೆ ತೈಲ' ಮಾರುವವರನ್ನು ನಾನು ನೋಡಿದ್ದೀನಿ. ಚೀಟಿ ಇಲ್ಲ, ತಯಾರಿಸಿದವರ ಹೆಸರಿಲ್ಲ, ದಿನಾಂಕವಿಲ್ಲ. ಮಾರುವವನನ್ನು ದೂರುವುದು ಸುಲಭ. ಅವನೂ ದಿನದ ದುಡಿಮೆಯವನು. ಆದರೆ 'ನೈಸರ್ಗಿಕ' ಅನ್ನುವ ಒಂದೇ ಪದದ ಬಲದಿಂದ ಐವತ್ತು ರೂಪಾಯಿಯ ಶೀಷೆಯೂ, ಐನೂರರ ಸೀರಮ್ಮೂ ಮಾರಾಟವಾಗುತ್ತಿವೆ ಅನ್ನೋದನ್ನು ಗಮನಿಸಬೇಕು.

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಹಸಿರು ಬಣ್ಣ ಬಳಿಯುವ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ತಂದಿತು. ನ್ಯಾಚುರಲ್, ಆರ್ಗ್ಯಾನಿಕ್ ಅಂತ ಸುಮ್ಮನೆ ಬರೆಯುವ ಹಾಗಿಲ್ಲ, ಆಧಾರ ಇರಬೇಕು, ಅದನ್ನು ತಿಳಿಸಬೇಕು. ಕಾಗದದ ಮೇಲೆ ಒಳ್ಳೆಯ ನಿಯಮ. ರೀಲ್‌ಗಳ ಲೋಕದಲ್ಲಿ ಅದು ಇನ್ನೂ ಕಾಲಿಟ್ಟ ಹಾಗೆ ಕಾಣುವುದಿಲ್ಲ.

ಕುಸುಬಿ ಎಲ್ಲಿ ಹೋಯ್ತು

ಈಗ ಮುತ್ಯಾನ ಹೊಲಕ್ಕೆ ಬರೋಣ. ಕುಸುಬಿ ಹಿಂಗಾರಿ ಬೆಳೆ. ಬೇರು ಆಳಕ್ಕಿಳಿದು ಎರಿ ಭೂಮಿಯ ಉಳಿದ ತೇವದಲ್ಲೇ ಬದುಕುತ್ತದೆ. ಜೋಳದ ಹೊಲದ ಸುತ್ತ ಅಕ್ಕಡಿಯಾಗಿ ಹಾಕಿದರೆ ಮುಳ್ಳಿಗೆ ಅಂಜಿ ದನ ಒಳಗೆ ಬರುತ್ತಿರಲಿಲ್ಲ. ಬೇಲಿಯೂ ಅದೇ, ಎಣ್ಣೆಯೂ ಅದೇ. ಬೀಜ ಗಾಣಕ್ಕೆ, ಹಿಂಡಿ ಎತ್ತಿಗೆ, ಎಣ್ಣೆ ಒಗ್ಗರಣೆಗೆ, ದೀಪಕ್ಕೆ, ಮೈಗೆ. ದೇಶದ ಕುಸುಬಿಯಲ್ಲಿ ಬಹುಪಾಲು ಬೆಳೆಯುತ್ತಿದ್ದುದು ಮಹಾರಾಷ್ಟ್ರ, ಕರ್ನಾಟಕ ಎರಡೇ ರಾಜ್ಯಗಳು. ನಮ್ಮ ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಸಂಶೋಧನಾ ಕೇಂದ್ರದಿಂದ ಬಂದ ತಳಿಗೆ ಅಣ್ಣಿಗೇರಿ-1 ಅಂತಲೇ ಹೆಸರು.

1980ರ ದಶಕದ ಕೊನೆಯಲ್ಲಿ ದೇಶದಲ್ಲಿ ಏಳೆಂಟು ಲಕ್ಷ ಹೆಕ್ಟೇರಿನಲ್ಲಿದ್ದ ಬೆಳೆ ಇತ್ತೀಚಿನ ವರ್ಷಗಳಲ್ಲಿ ಒಂದು ಲಕ್ಷ ಹೆಕ್ಟೇರಿಗಿಂತ ಕೆಳಗಿಳಿದಿದೆ. ಯಾಕೆ? ಮುಳ್ಳಿನಿಂದಾಗಿ ಕೊಯ್ಲಿಗೆ ಆಳು ಸಿಗಲಿಲ್ಲ. ಹೇನಿನ ಕಾಟ. ಕಡಿಮೆ ದಿನದ ಕಡಲೆ ತಳಿ ಬಂದು ಹಿಂಗಾರಿಯ ಜಾಗ ಹಿಡಿಯಿತು. ನವಿಲುತೀರ್ಥದ ಅಣೆಕಟ್ಟಿನ ನೀರು ಹರಿದ ಕಡೆ ಹತ್ತಿ, ಗೋವಿನಜೋಳ, ಕಬ್ಬು ಬಂದವು. ಬೈಲಹೊಂಗಲ ಭಾಗ ಸೋಯಾಬೀನ್, ಕಬ್ಬಿನ ಕಡೆ ತಿರುಗಿತು. ಇವೆಲ್ಲ ನಿಜ, ರೈತರು ತಮ್ಮ ಲೆಕ್ಕಕ್ಕೆ ಸರಿಯಾದದ್ದನ್ನೇ ಮಾಡಿದರು.

ಆದರೆ ಇದೆಲ್ಲದರ ಮೇಲೆ ಒಂದು ಸರ್ಕಾರಿ ನಿರ್ಧಾರವೂ ಕೂತಿದೆ. 1986ರಲ್ಲಿ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಶುರುವಾಗಿ ದೇಶ ಎಣ್ಣೆಯಲ್ಲಿ ಸ್ವಾವಲಂಬನೆಯ ಹತ್ತಿರ ಬಂದಿತ್ತು. 1994ರಿಂದ ಆಮದು ಬಾಗಿಲು ತೆರೆಯಿತು, ಇಂಡೋನೇಷ್ಯಾ, ಮಲೇಷ್ಯಾದ ತಾಳೆ ಎಣ್ಣೆ ಹರಿದುಬಂತು. ಇವತ್ತು ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಸೂರ್ಯಕಾಂತಿಯಲ್ಲಿ ಒಂದು ಕಾಲಕ್ಕೆ ದೇಶಕ್ಕೇ ಮೊದಲಿದ್ದ ಕರ್ನಾಟಕದ ಮನೆಗಳಲ್ಲಿ, 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದ ಕೂಡಲೇ ಒಗ್ಗರಣೆ ತುಟ್ಟಿಯಾಯಿತು.

ನೀತಿಯ ತೂಗಾಟ ಈಗಲೂ ನಿಂತಿಲ್ಲ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಎಣ್ಣೆಯ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ. 20ಕ್ಕೆ ಏರಿಸಿದರು. ಮರುತಿಂಗಳು ಎಣ್ಣೆಕಾಳುಗಳಿಗೆ 10,103 ಕೋಟಿ ರೂಪಾಯಿಯ ರಾಷ್ಟ್ರೀಯ ಮಿಷನ್ ಘೋಷಿಸಿದರು. 2025ರ ಮೇ ಕೊನೆಗೆ ಅದೇ ಸುಂಕವನ್ನು ಶೇ. 10ಕ್ಕೆ ಇಳಿಸಿದರು. ಪಟ್ಟಣದ ಗ್ರಾಹಕನಿಗೆ ಎಣ್ಣೆ ಅಗ್ಗವಾಗಬೇಕು ಅನ್ನೋದು ನ್ಯಾಯವೇ, ಬಡವರೂ ಅದೇ ಎಣ್ಣೆ ತಿನ್ನುತ್ತಾರೆ. ಆದರೆ ಎಂಟು ತಿಂಗಳಲ್ಲಿ ಬದಲಾಗುವ ಸುಂಕ ನಂಬಿ ಸವದತ್ತಿಯ ರೈತ ಹಿಂಗಾರಿಗೆ ಏನು ಬಿತ್ತಬೇಕು?

ಎಂಟು ರೂಪಾಯಿ ಮತ್ತು ಐನೂರು ರೂಪಾಯಿ

ಒಂದು ಸಣ್ಣ ಲೆಕ್ಕ ಮಾಡೋಣ. 2026-27ರ ಹಿಂಗಾರಿ ಮಾರಾಟ ಹಂಗಾಮಿಗೆ ಕುಸುಬಿಯ ಬೆಂಬಲ ಬೆಲೆ ಕ್ವಿಂಟಲಿಗೆ 6,540 ರೂಪಾಯಿ. ಹಿಂದಿನ ಸಲಕ್ಕಿಂತ 600 ಜಾಸ್ತಿ, ಆ ಸಲದ ಹಿಂಗಾರಿ ಬೆಳೆಗಳಲ್ಲೇ ಅತಿ ಹೆಚ್ಚಿನ ಏರಿಕೆ. ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ನಾಲ್ಕು ಕಿಲೋ ಬೀಜ ಅಂತ ಹಿಡಿದರೆ, 30 ಎಂಎಲ್‌ಗೆ 120 ಗ್ರಾಂ. ಅದರ ಬೆಲೆ ಎಂಟು ರೂಪಾಯಿಯೂ ಆಗುವುದಿಲ್ಲ. ಹಿಂಡಿ ಬೇರೆ ಉಳಿಯುತ್ತದೆ. ಗಾಣ, ಬಾಟಲಿ, ಸಾಗಾಟ, ಪರೀಕ್ಷೆ, ತೆರಿಗೆ ಎಲ್ಲ ಸೇರಿಸಿ. ಆದರೂ ಐನೂರಕ್ಕೆ ಮುಟ್ಟುವ ದಾರಿಯಲ್ಲಿ ಬಹುಪಾಲು ಹಣ ಹೋಗುವುದು ಚೀಟಿಗೆ, ಚೀಟಿಯ ಮೇಲಿನ ಮಾತಿಗೆ, ಆ ಮಾತು ಹೇಳುವ ರೀಲಿಗೆ.

ಚೀಟಿಯ ಶಕ್ತಿ ಎಷ್ಟು ಅಂತ ತಿಳಿಯಬೇಕಾದರೆ ಸುಪ್ರೀಂ ಕೋರ್ಟಿನ ಒಂದು ತೀರ್ಪು ನೋಡಿ. ಸಣ್ಣ ಪೊಟ್ಟಣದ ಶುದ್ಧ ತೆಂಗಿನೆಣ್ಣೆ ತಿನ್ನುವ ಎಣ್ಣೆಯೋ, ತಲೆಗೆ ಹಚ್ಚುವ ಎಣ್ಣೆಯೋ? ತೆರಿಗೆ ಇಲಾಖೆ, ಕಂಪನಿಗಳು ಇದರ ಮೇಲೆ ವರ್ಷಗಟ್ಟಲೆ ಕಿತ್ತಾಡಿದವು. 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ನಡುವೆ ಭಿನ್ನಮತ ಬಂತು. ಕೊನೆಗೆ 2024ರ ಡಿಸೆಂಬರ್ 18ರಂದು ಮೂವರ ಪೀಠ ಹೇಳಿತು: ಪೊಟ್ಟಣ ಸಣ್ಣದು ಅಂದ ಮಾತ್ರಕ್ಕೆ ಅದು ಕೇಶತೈಲ ಆಗುವುದಿಲ್ಲ, ಹಾಗಂತ ಚೀಟಿ ಹಚ್ಚಿ ಮಾರದಿದ್ದರೆ ಅದು ತಿನ್ನುವ ಎಣ್ಣೆಯೇ. ಒಳಗಿನ ಎಣ್ಣೆ ಅದೇ. ಬದಲಾಗುವುದು ಮೇಲಿನ ಅಕ್ಷರ.

ಈಗ ಸವದತ್ತಿಯ ಒಂದು ಗಾಣದ ಘಟಕ ಊಹಿಸಿಕೊಳ್ಳಿ. ಆಹಾರ ಸುರಕ್ಷತಾ ನೋಂದಣಿ ಮಾಡಿಸಿ ಕುಸುಬಿ ಎಣ್ಣೆ ಮಾರಬಹುದು. ಅದೇ ಎಣ್ಣೆಯ ಮೇಲೆ 'ಮುಖಕ್ಕೆ ಹಚ್ಚಲು' ಅಂತ ಬರೆದ ಕ್ಷಣ ಅದು ಸೌಂದರ್ಯವರ್ಧಕ. ಆಗ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಔಷಧ ನಿಯಂತ್ರಣದವರಿಂದ ತಯಾರಿಕಾ ಪರವಾನಗಿ ಬೇಕು. 'ಮೊಡವೆ ವಾಸಿ' ಅಂತ ಬರೆದರೆ ಅದು ಔಷಧದ ಲೆಕ್ಕ. ನಿಯಮ ಇರಬೇಕು, ಮುಖದ ವಿಷಯ. ಆದರೆ ಆ ನಿಯಮ ದಾಟಿಸುವ ಕೈ ಸಣ್ಣವರಿಗೆ ಯಾರು ಕೊಡುತ್ತಾರೆ? ಕಿರು ಆಹಾರ ಸಂಸ್ಕರಣೆಯ ಕೇಂದ್ರ ಯೋಜನೆಯಲ್ಲಿ ಶೇ. 35 ಸಬ್ಸಿಡಿ ಇದೆ, ಹತ್ತು ಲಕ್ಷದವರೆಗೆ. ಅದು ಆಹಾರಕ್ಕೆ. ಅದರಡಿ ಬೆಳಗಾವಿ ಜಿಲ್ಲೆಗೆ ಆರಿಸಿದ ಉತ್ಪನ್ನ ಬೆಲ್ಲ. ಕಬ್ಬಿನ ಜಿಲ್ಲೆಗೆ ಬೆಲ್ಲ ಸರಿಯೇ. ಆದರೆ ಜಿಲ್ಲೆ ಅಂದ್ರೆ ಕಬ್ಬಿನ ನೀರಿರುವ ಕಡೆ ಮಾತ್ರ ಅಲ್ಲ. ಮಳೆ ನಂಬಿದ ರಾಮದುರ್ಗವೂ ಅದರಲ್ಲಿದೆ.

ಕೇಳಬೇಕಾದ್ದು

ಹಳೆಯದೆಲ್ಲ ಚಿನ್ನ, ಎಲ್ಲರೂ ಗಾಣಕ್ಕೆ ವಾಪಸ್ ಹೋಗೋಣ ಅಂತ ನಾನು ಹೇಳುವುದಿಲ್ಲ. ಗಾಣದ ಕಾಲದಲ್ಲಿ ಎತ್ತೂ ಮನುಷ್ಯನೂ ಎಷ್ಟು ಸವೆದಿದ್ದಾರೆ ಅನ್ನೋದು ಗಾಣಿಗರ ಮನೆಯವರಿಗೆ ಗೊತ್ತು. ನಾನು ಕೇಳುವುದು ಮೂರು.

ಒಂದು, ಬೆಂಬಲ ಬೆಲೆ ದಿಲ್ಲಿಯಲ್ಲಿ ಘೋಷಣೆ ಆದರೆ ಸಾಲದು. ಸುಗ್ಗಿ ಮುಗಿಯುವ ಮುಂಚೆ ಸವದತ್ತಿ, ರಾಮದುರ್ಗ, ಬೈಲಹೊಂಗಲದ ಎಪಿಎಂಸಿಗಳಲ್ಲಿ ಕುಸುಬಿ ಖರೀದಿ ಕೇಂದ್ರ ತೆರೆದಿರಬೇಕು. ಬೀಜ ದಲಾಲಿಯ ಕೈಸೇರಿದ ಮೇಲೆ ತೆರೆದರೆ ಅದು ರೈತರಿಗಲ್ಲ.

ಎರಡು, ಮುಳ್ಳಿಲ್ಲದ ತಳಿಗಳಿವೆ. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಸಂಸ್ಥೆ ರೂಪಿಸಿದ ನಾರಿ-6 ಅಂಥದ್ದು. ಅಣ್ಣಿಗೇರಿ ನಮ್ಮ ಪಕ್ಕದಲ್ಲೇ ಇದೆ. ಹತ್ತು ಸಾವಿರ ಕೋಟಿಯ ಮಿಷನ್ನಿನ ಬೀಜ ನಮ್ಮ ರೈತ ಸಂಪರ್ಕ ಕೇಂದ್ರಗಳಿಗೆ ಎಷ್ಟು ಬಂತು ಅಂತ ಕೇಳುವ ಹಕ್ಕು ನಮಗಿದೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ.

ಮೂರು, ಗಾಣ ನಡೆಸುವ ಮಹಿಳಾ ಸಂಘಗಳಿಗೆ ಸಾಲದ ಜೊತೆ ಪರೀಕ್ಷೆ, ಪರವಾನಗಿ, ಚೀಟಿಯ ನೆರವು ಬೇಕು. ವರ್ಷಕ್ಕೆ ಲಕ್ಷಾಂತರ ಭಕ್ತರು ಬರುವ ಎಲ್ಲಮ್ಮನ ಗುಡ್ಡದಲ್ಲಿ, ಅಕ್ಟೋಬರಿನ ಕಿತ್ತೂರು ಉತ್ಸವದಲ್ಲಿ, ಹೆಸರಿಲ್ಲದ ಹಸಿರು ಶೀಷೆಯ ಜಾಗದಲ್ಲಿ ದಿನಾಂಕ, ವಿಳಾಸ, ಒಳಗಿರುವ ಎಣ್ಣೆಯ ಹೆಸರು ಕನ್ನಡದಲ್ಲಿ ಬರೆದ ಬಾಟಲಿ ಯಾಕಿರಬಾರದು?

ಆವತ್ತು ಆ ಹುಡುಗಿಯರು ಬಾಟಲಿ ಕೊಳ್ಳಲಿಲ್ಲ. ಮೊಡವೆಯಿದ್ದವಳಿಗೆ, ಮೊದಲು ತಾಲೂಕು ಆಸ್ಪತ್ರೆಯಲ್ಲಿ ತೋರಿಸು, ಎಣ್ಣೆ ಆಮೇಲೆ, ಅಂತ ಹೇಳಿದೆ. ಇನ್ನೊಬ್ಬಳಿಗೆ ಚಳಿಗಾಲಕ್ಕೆ ಮೈ ಒಡೆಯುತ್ತದಂತೆ. ಅವಳಿಗೆ ಕುಸುಬಿ ಎಣ್ಣೆ ಎಲ್ಲಿ ಸಿಗುತ್ತೆ ಅಂತ ಇಬ್ಬರೂ ಸೇರಿ ಬಜಾರದಲ್ಲಿ ಕೇಳಿ ಬಂದೆವು. ಮೂರು ಕಿರಾಣಿ ಅಂಗಡಿಯಲ್ಲಿ ಇಲ್ಲ ಅಂದರು. ನಾಲ್ಕನೆಯವರು, "ಕುಸುಬಿ ಎಣ್ಣಿ ಯಾರ ಕೇಳ್ತಾರ್ರೀ ಈಗ?" ಅಂದರು.

"ನಾವು ಕೇಳಾಕತ್ತೇವಲ್ರಿ" ಅಂದಳು ಅವಳು. ಅಂಗಡಿಯವರು ನಕ್ಕು, ಮುಂದಿನ ವಾರ ತರಿಸಿಡ್ತೀನಿ ಅಂದರು. ಸದ್ಯ ಎಳ್ಳೆಣ್ಣೆ ಕೊಂಡು ಬಸ್ಸು ಹತ್ತಿದಳು.